ದಿನಕ್ಕೆ ನಾಲ್ಕು ನಿಮಿಷ

ಸೆಪ್ಟೆಂಬರ್ 6

ಅಪ್ಪನವರಿಗೆ,

ಎರಡು ವರ್ಷದ ಮೇಲೆ ಕಾಗದ ಬಂತೆಂದು ಗಾಬರಿಯಾಗಬೇಡಿ. ರಾಜಿ ಮಾಡಿಕೊಳ್ಳಲು ಬರೆಯುತ್ತಿಲ್ಲ. ಅಮ್ಮ ಹೋದ ದಿನ ನಾನು ಆಡಿದ್ದು ಆಡಿದ್ದೇ, ಅದರಲ್ಲಿ ಒಂದಕ್ಷರವನ್ನೂ ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಗಡಿಯಾರ ರಿಪೇರಿಯವರೊಬ್ಬರ ಅಭಿಪ್ರಾಯ ಬೇಕಿತ್ತು. ನನಗೆ ಗೊತ್ತಿರುವ ಗಡಿಯಾರ ರಿಪೇರಿಯವರು ನೀವೊಬ್ಬರೇ.

ವಿಷಯ ಇಷ್ಟು. ಬೆಟ್ಟದ ಮೇಲಿನ ವೀಕ್ಷಣಾಲಯದ ಫೋಟೋ ವಿಭಾಗಕ್ಕೆ ಒಬ್ಬ ಸಹಾಯಕರು ಬೇಕಾಗಿದ್ದಾರೆ. ಪದವಿ ಕೇಳಿಲ್ಲ. ಅಭ್ಯರ್ಥಿ ತಾನೇ ತೆಗೆದ ರಾತ್ರಿ ಆಕಾಶದ ಮೂರು ಫೋಟೋ ಕೇಳಿದ್ದಾರೆ. ಒಂದೊಂದಕ್ಕೂ ಕ್ಯಾಮರಾದ ಕಣ್ಣು ನಲವತ್ತು ನಿಮಿಷ ತೆರೆದಿರಬೇಕು, ಆದರೂ ನಕ್ಷತ್ರ ದುಂಡಗೆ ಚುಕ್ಕೆಯಾಗಿಯೇ ಬರಬೇಕು. ಭೂಮಿ ತಿರುಗುತ್ತಲೇ ಇರುವುದರಿಂದ ಸುಮ್ಮನೆ ಇಟ್ಟ ಕ್ಯಾಮರಾದಲ್ಲಿ ನಕ್ಷತ್ರವೆಲ್ಲ ಗೆರೆಯಾಗುತ್ತದೆ. ಅದಕ್ಕೆ ಕ್ಯಾಮರಾವನ್ನು ಆಕಾಶದ ಜೊತೆಜೊತೆಗೇ ತಿರುಗಿಸುವ ಟ್ರ್ಯಾಕಿಂಗ್ ಮೌಂಟ್ ಎಂಬ ಯಂತ್ರ ಬೇಕು. ಕ್ಯಾಟಲಾಗಿನ ಎರಡು ಹಾಳೆ ಇಟ್ಟಿದ್ದೇನೆ. ಒಂದು ಹಗುರ, ಹೆಗಲ ಚೀಲದಲ್ಲಿ ಹಿಡಿಯುತ್ತದೆ. ಇನ್ನೊಂದು ಭಾರ, ಇಬ್ಬರು ಎತ್ತಬೇಕು. ಯಾವುದರ ಹಲ್ಲುಚಕ್ರವನ್ನು ನಂಬಬಹುದು?

ಜನವರಿ 31 ಕೊನೆಯ ದಿನ. ವಯಸ್ಸಿನ ಮಿತಿ ಮೂವತ್ತೈದು, ಮಾರ್ಚಿಗೆ ನನ್ನದು ದಾಟುತ್ತದೆ. ಹನ್ನೊಂದು ವರ್ಷದಿಂದ ಈ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ತೊಳೆದು ಒಣಹಾಕುತ್ತಿದ್ದೇನೆ. ಎಲ್ಲರೂ ನಗಬಾರದು ಎಂದು ಹೇಳಿಸಿಕೊಂಡ ಮುಖಗಳು. ಈ ಕೆಲಸ ತಪ್ಪಿದರೆ ಸಾಯುವ ತನಕ ಅವೇ ನನ್ನ ಬಳಗ.

ಕೇಳಿದ್ದಕ್ಕಷ್ಟೇ ಉತ್ತರ ಬರೆದರೆ ಸಾಕು.

ಇತಿ,
ಮಗಳು


ಸೆಪ್ಟೆಂಬರ್ 14

ಕಡ್ಡಿಗೆ ಅಪ್ಪನ ಆಶೀರ್ವಾದ.

ಕಡ್ಡಿ ಎಂದು ಹೆಸರಿಟ್ಟವನು ನಾನೇ, ಈಗ ನೀನು ಕಡ್ಡಿ ಮುರಿದ ಹಾಗೆ ಬರೆದರೆ ಯಾರನ್ನು ದೂರಲಿ? ಆದರೆ 'ನೀವು' ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಅಂಗಡಿಗೆ ಯಾರೋ ಗಿರಾಕಿ ಬಂದರೇನೋ ಎಂದು ತಲೆ ಎತ್ತಿ ನೋಡಿದೆ. ಹಾಲು ಕುಡಿಯುವಾಗಿನಿಂದ 'ನೀನು' ಅಂದವಳು. ಇರಲಿ.

ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಹಗುರದ್ದನ್ನು ಮುಟ್ಟಬೇಡ. ಅದರ ಹಲ್ಲು ನೈಲಾನಿನದು, ಚಳಿಗೆ ಸೆಟೆದುಕೊಳ್ಳುತ್ತದೆ, ಮೇಲೆ ಕ್ಯಾಮರಾ ಇಟ್ಟರೆ ಕುಡಿದವನ ಹಾಗೆ ಒಂದು ಕಡೆಗೆ ವಾಲುತ್ತದೆ. ಭಾರದ್ದು ಪರವಾಗಿಲ್ಲ. ಹಿತ್ತಾಳೆ ಚಕ್ರ, ದಪ್ಪ ಕಂಬಿ. ಆದರೆ ಚಕ್ರವನ್ನು ನೂಕುವ ತಿರುಪನ್ನು ಅವಸರದಲ್ಲಿ ಕಡೆದಿದ್ದಾರೆ. ಒಂದೊಂದು ಸುತ್ತಿಗೂ ಒಮ್ಮೆ ಮುಗ್ಗರಿಸುತ್ತದೆ. ನಿನ್ನ ನಕ್ಷತ್ರ ದುಂಡಗೆ ಬರುವುದಿಲ್ಲ, ಅವರೆಕಾಳಿನ ಹಾಗೆ ಬರುತ್ತದೆ.

ಹಿತ್ತಲ ಗಿಡ ಮದ್ದಲ್ಲ ಎಂದು ಊರಿನವರು ಹೇಳಿಕೊಳ್ಳಲಿ. ನಲವತ್ತು ವರ್ಷ ಹಲ್ಲುಚಕ್ರದ ಜೊತೆ ಸಂಸಾರ ಮಾಡಿದ ಅಪ್ಪ ಇರುವಾಗ ಅಂಗಡಿಯ ಯಂತ್ರ ಯಾಕೆ? ಕೊಳ್ಳಬೇಡ. ನಾನೇ ಮಾಡಿಕೊಡುತ್ತೇನೆ.

ನಿನ್ನ
ಅಪ್ಪ


ಸೆಪ್ಟೆಂಬರ್ 20

ಅಪ್ಪನವರಿಗೆ,

ಆ ಮಾತು ಬಂದೇ ಬರುತ್ತದೆ ಎಂದು ಗೊತ್ತಿತ್ತು. "ಕೊಳ್ಳಬೇಡ, ನಾನೇ ಮಾಡಿಕೊಡ್ತೀನಿ." ನಮ್ಮ ಮನೆಯಲ್ಲಿ ಅನ್ನಕ್ಕಿಂತ ಹೆಚ್ಚು ಅದನ್ನೇ ಉಂಡಿದ್ದೇವೆ. ಅಮ್ಮನ ಹೊಲಿಗೆ ಯಂತ್ರದ ಪೆಡಲ್ ಮಾಡಿಕೊಡುತ್ತೇನೆಂದಿರಿ, ಅವಳು ಆರು ವರ್ಷ ಕೈಯಲ್ಲಿ ಹೊಲಿದಳು. ನನ್ನ ಸೈಕಲ್ಲಿನ ದೀಪ ಮಾಡಿಕೊಡುತ್ತೇನೆಂದಿರಿ, ನಾನು ಶಾಲೆ ಮುಗಿಸಿದೆ. ನೀವು ಬಾಯಲ್ಲೇ ಕಟ್ಟಿದ ಅರಮನೆಗಳಲ್ಲಿ ನಾವಿಬ್ಬರೂ ಸೋರುವ ಮೂಲೆ ಹುಡುಕಿಕೊಂಡು ಮಲಗಿದವರು.

ಅದೆಲ್ಲ ಹೋಗಲಿ. ಅಮ್ಮನ ಕಿವಿಯ ಮಿಷನ್ನು? ಕೆಟ್ಟಾಗ ಹೊಸದು ಕೊಳ್ಳೋಣ ಎಂದೆ. ಬೇಡ ಎಂದಿರಿ. ಎಂಟು ತಿಂಗಳು ಅದು ನಿಮ್ಮ ಮೇಜಿನ ಮೇಲೆ ಬಟ್ಟಲೊಂದರಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಎಂಟು ತಿಂಗಳು ಪ್ರತಿ ಭಾನುವಾರ ನಾನು ಫೋನಿನಲ್ಲಿ ಕಿರುಚಿದೆ. ನಾನು ಏನೇ ಹೇಳಿದರೂ ಅವಳು "ಸರಿ ಸರಿ, ಊಟ ಆಯ್ತು, ನೀನೂ ಮಾಡು" ಅನ್ನುತ್ತಿದ್ದಳು. ಕೊನೆಯ ಭಾನುವಾರ "ಅಮ್ಮಾ, ಶುಕ್ರವಾರ ಬರ್ತೀನಿ, ಕಾದಿರು" ಅಂದೆ. "ಸರಿ ಸರಿ, ಊಟ ಆಯ್ತು" ಅಂದಳು. ಗುರುವಾರ ಹೋದಳು. ನಾನು ಬರುತ್ತೇನೆಂಬುದೂ ಅವಳಿಗೆ ಗೊತ್ತಾಗಲಿಲ್ಲ.

ಭಾರದ ಮೌಂಟಿಗೆ ಮುಂಗಡ ಕೊಟ್ಟಿದ್ದೇನೆ. ಅಭಿಪ್ರಾಯಕ್ಕೆ ಉಪಕಾರವಾಯಿತು.

ಮಗಳು


ಅಕ್ಟೋಬರ್ 29

ಕಡ್ಡಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ನಾಲ್ಕು ಸಲವೂ ಹಾಳೆ ಹರಿದು ಹಾಕಿದೆ. ಅಮ್ಮನ ವಿಷಯಕ್ಕೆ ಈಗ ಏನೂ ಬರೆಯಲಾರೆ.

ಇದರ ಜೊತೆ ಒಂದು ಚಕ್ರ ಕಳಿಸಿದ್ದೇನೆ. ನೂರ ನಲವತ್ತನಾಲ್ಕು ಹಲ್ಲು. ಅಂಗಡಿಯ ಬಾಗಿಲು ಹಾಕಿ, ಗಿರಾಕಿಗಳಿಂದ ಬೈಸಿಕೊಂಡು, ಐದು ವಾರ ಕೂತು ಕಡೆದೆ. ಮೊದಲನೆಯದನ್ನು ಎಸೆದೆ, ಎರಡನೆಯದನ್ನೂ ಎಸೆದೆ. ಇದು ಮೂರನೆಯದು. ಯಾರಿಗಾದರೂ ತೋರಿಸು. ನನ್ನ ಮಾತನ್ನು ನಂಬಬೇಡ, ಹಿತ್ತಾಳೆಯನ್ನು ನಂಬು. ಇಷ್ಟವಾಗದಿದ್ದರೆ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೋ.

ಅಪ್ಪ


ನವೆಂಬರ್ 7

ಅಪ್ಪಾ,

ಸ್ಟುಡಿಯೋ ಹಿಂದೆ ಲೋಹ ಕಡೆಯುವ ಲೇತ್ ಅಂಗಡಿಯ ಯಜಮಾನರೊಬ್ಬರಿದ್ದಾರೆ. ಯಾರ ಕೆಲಸವನ್ನೂ ಹೊಗಳದ ಮನುಷ್ಯ, ದೇವರೇ ಬಂದು ಭೂಮಿಯನ್ನು ತೋರಿಸಿದರೂ ಎಲ್ಲಿ ಸೊಟ್ಟಗಿದೆ ಎಂದು ಮೊದಲು ಹುಡುಕುವವರು. ಅವರಿಗೆ ಕೊಟ್ಟೆ. ಹಲ್ಲು ಹಲ್ಲಿಗೂ ಅಳತೆ ಹಿಡಿದು ಅರ್ಧ ಗಂಟೆ ತಿರುಗಿಸಿದರು. ಆಮೇಲೆ "ಇದನ್ನ ಕೈಯಲ್ಲಿ ಕಡೆದಿದಾರೇನಮ್ಮಾ? ಕೂದಲೆಳೆ ವ್ಯತ್ಯಾಸ ಇಲ್ವಲ್ಲ! ಯಾರು ಈ ಪುಣ್ಯಾತ್ಮ?" ಅಂದರು. "ನಮ್ಮಪ್ಪ" ಅಂದೆ. ಬಾಯಿಂದ ಬಂದುಬಿಟ್ಟಿತು. ಎರಡು ವರ್ಷದಿಂದ ಆ ಪದವನ್ನು ಜೋರಾಗಿ ಹೇಳಿರಲಿಲ್ಲ.

ಮುಂಗಡ ವಾಪಸ್ಸು ತೆಗೆದುಕೊಂಡೆ. ಅಂಗಡಿಯವರ ಬಳಿ ಇದ್ದದ್ದು ಒಂದೇ ಒಂದು ಭಾರದ ಮೌಂಟು, ಅದನ್ನು ಅದೇ ಸಂಜೆ ಬೇರೆ ಯಾರೋ ಒಯ್ದರಂತೆ. ಇನ್ನೊಂದು ಬರುವುದು ಮಾರ್ಚಿಗೆ. ಅಂದರೆ ನಾನೀಗ ಹಿಂದಿರುಗುವ ಸೇತುವೆಯನ್ನು ಕಿತ್ತುಹಾಕಿಕೊಂಡು ನಿನ್ನ ಕೈಗೆ ಸಿಕ್ಕಿದ್ದೇನೆ. ಹೌದು, 'ನಿನ್ನ' ಎಂದೇ ಬರೆದೆ. ಹಿಗ್ಗಬೇಡ.

ಚಕ್ರವನ್ನು ಇದರ ಜೊತೆ ವಾಪಸ್ಸು ಕಳಿಸಿದ್ದೇನೆ. ಬೇಕಾದ ಲೆಕ್ಕ ಇದು, ಗಮನ ಕೊಟ್ಟು ಓದು. ಕ್ಯಾಮರಾ ಹೊತ್ತ ಕಂಬಿ ಒಂದು ಪೂರ್ತಿ ಸುತ್ತು ಬರಬೇಕಾದದ್ದು 23 ಗಂಟೆ 56 ನಿಮಿಷ 4 ಸೆಕೆಂಡಿನಲ್ಲಿ. ಕ್ಯಾಮರಾಕ್ಕೆ ಉದ್ದದ ಲೆನ್ಸು ಹಾಕುತ್ತೇನೆ, ಎಲ್ಲ ಸೇರಿ ಮೂರು ಕಿಲೋ ತೂಗುತ್ತದೆ. ಜನವರಿಯಲ್ಲಿ ಚಂದ್ರನಿಲ್ಲದ ರಾತ್ರಿಗಳು ತಿಂಗಳ ಕೊನೆಯಲ್ಲಿವೆ. ಮಹಾವ್ಯಾಧ ನಕ್ಷತ್ರಪುಂಜದ ಸೊಂಟದ ಕೆಳಗೆ ಮಂಜಿನಂಥದ್ದೊಂದು ಇದೆಯಲ್ಲ, ಚಿಕ್ಕಂದಿನಲ್ಲಿ ತಾರಸಿಯಿಂದ ನೀನೇ ತೋರಿಸಿದ್ದೆ, ಅದನ್ನು ತೆಗೆಯಬೇಕೆಂದಿದ್ದೇನೆ.

ಈ ಸಲವಾದರೂ ಮಾಡಿಕೊಡು ಅಪ್ಪ. ಬೇರೆ ಏನೂ ಬೇಡ.

ಕಡ್ಡಿ


ಡಿಸೆಂಬರ್ 22

ಕಡ್ಡಿ, ನನ್ನ ಕಂದಾ,

ಪೆಟ್ಟಿಗೆಯನ್ನು ತಲೆಕೆಳಗು ಮಾಡದೆ ಬಿಚ್ಚು. ಒಳಗಿರುವ ಹತ್ತಿಯೆಲ್ಲ ನಿನ್ನಮ್ಮನ ಹಳೆಯ ದಿಂಬಿನದು, ಎಸೆಯಬೇಡ.

ಮುಗಿಸಿದೆ ನೋಡು! ಜನವರಿ ಬರುವುದಕ್ಕೂ ಮುಂಚೆ! ಪಕ್ಕದ ಚಪ್ಪಲಿ ಅಂಗಡಿಯವನು ನಂಬಲೇ ಇಲ್ಲ. "ಏನ್ ಸ್ವಾಮಿ, ಹುಷಾರಾಗಿದೀರಾ?" ಅಂತ ಹಣೆ ಮುಟ್ಟಿ ನೋಡಿದ. ಬಲಗಡೆ ಕೀಲಿ ಇದೆ, ಹದಿನಾಲ್ಕು ಸುತ್ತು ಕೊಡು, ಹದಿನೈದನೆಯದಕ್ಕೆ ಆಸೆ ಪಡಬೇಡ. ಕೆಳಗಿನ ಮೂರು ತಿರುಪಿನಲ್ಲಿ ಕಂಬಿಯನ್ನು ಧ್ರುವ ನಕ್ಷತ್ರದ ಕಡೆಗೆ ಓರೆ ಮಾಡಿಕೋ. ಪಕ್ಕದಲ್ಲಿರುವ ಸಣ್ಣ ತಿರುಪು ಬೇಗ ನಿಧಾನ ಮಾಡುವುದಕ್ಕೆ, ಅದರ ತಂಟೆಗೆ ಹೋಗಬೇಡ, ನಾನೇ ಕೂರಿಸಿದ್ದೇನೆ.

ಏಳು ದಿನ ಅಂಗಡಿಯ ದೊಡ್ಡ ಗಡಿಯಾರದ ಕೆಳಗಿಟ್ಟು ಓಡಿಸಿದೆ. ದಿನಾ ಮಧ್ಯಾಹ್ನ ಹನ್ನೆರಡು ಹೊಡೆಯುವಾಗ ಕಂಬಿಯ ಗುರುತು ಸರಿಯಾಗಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಏಳು ದಿನದಲ್ಲಿ ಒಂದು ಸೆಕೆಂಡೂ ಆಚೀಚೆ ಇಲ್ಲ. ನನ್ನ ಕೈಯಿಂದ ಇದಕ್ಕಿಂತ ಒಳ್ಳೆಯದು ಇನ್ನು ಬರುವುದಿಲ್ಲ.

ಹೋಗಿ ಗೆದ್ದು ಬಾ.

ನಿನ್ನ
ಅಪ್ಪ


ಫೆಬ್ರವರಿ 25

ಅಪ್ಪ,

ಬೈಯುವುದಕ್ಕೆ ಏಕವಚನವೇ ಸರಿ, ಅದಕ್ಕೇ 'ನೀನು' ಎಂದೇ ಬರೆಯುತ್ತೇನೆ.

ಐದು ನಿಮಿಷದ ಪರೀಕ್ಷೆಗಳೆಲ್ಲ ಚೆನ್ನಾಗಿ ಬಂದಿದ್ದವು. ಚುಕ್ಕೆ ಎಂದರೆ ಚುಕ್ಕೆ, ಸೂಜಿ ಚುಚ್ಚಿದ ಹಾಗೆ. ಮುದ್ದಿಸಿದೆ ನಿನ್ನ ಯಂತ್ರವನ್ನು. ಆಮೇಲೆ ಮೋಡ. ಜನವರಿ 29ರಂದು ಒಂದೇ ಒಂದು ರಾತ್ರಿ ಆಕಾಶ ತಿಳಿಯಾಯಿತು. ನಲವತ್ತು ನಲವತ್ತು ನಿಮಿಷದ ಮೂರೂ ಅದೇ ರಾತ್ರಿ ತೆಗೆದೆ, ಬೆಳಿಗ್ಗೆ ತೊಳೆದೆ. ಮೂರರಲ್ಲೂ ಪ್ರತಿ ನಕ್ಷತ್ರಕ್ಕೂ ಬಾಲ. ಸಣ್ಣದು, ಆದರೆ ಕಣ್ಣಿಗೆ ರಾಚುವಂಥದ್ದು, ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಉದ್ದ. ಅಂಚೆ ಹೊರಡಲು ಎರಡು ಗಂಟೆ ಉಳಿದಿತ್ತು. ಇದ್ದದ್ದನ್ನೇ ಕಳಿಸಿದೆ.

ನಿನ್ನೆ ಉತ್ತರ ಬಂತು. ಒಂದೇ ಸಾಲು. "ಅಭ್ಯರ್ಥಿಯು ಯಂತ್ರವನ್ನು ಗಡಿಯಾರದ ವೇಗದಲ್ಲಿ ಓಡಿಸಿದ್ದಾರೆ, ನಕ್ಷತ್ರದ ದಿನಕ್ಕೂ ಸೂರ್ಯನ ದಿನಕ್ಕೂ ಇರುವ ವ್ಯತ್ಯಾಸ ಇವರಿಗೆ ತಿಳಿದಂತಿಲ್ಲ."

ತಿಳಿದಂತಿಲ್ಲ! ಹನ್ನೆರಡನೆಯ ವಯಸ್ಸಿನಿಂದ ನನಗೆ ತಿಳಿದಿರುವುದೇ ಅದೊಂದು. ಸೂರ್ಯ ತಲೆಯ ಮೇಲಿಂದ ಮತ್ತೆ ತಲೆಯ ಮೇಲೆ ಬರಲು ಇಪ್ಪತ್ತನಾಲ್ಕು ಗಂಟೆ ಬೇಕು, ನಕ್ಷತ್ರಕ್ಕೆ ನಾಲ್ಕು ನಿಮಿಷ ಕಡಿಮೆ ಸಾಕು. ಅದಕ್ಕೇ 23 ಗಂಟೆ 56 ನಿಮಿಷ 4 ಸೆಕೆಂಡು ಎಂದು ಬರೆದದ್ದು. ಗಮನ ಕೊಟ್ಟು ಓದು ಎಂದೂ ಬರೆದದ್ದು. ನೀನು ಇಪ್ಪತ್ತನಾಲ್ಕು ಗಂಟೆಗೆ ಕೂರಿಸಿ ಕಳಿಸಿದೆ. ಕೂದಲೆಳೆ ತಪ್ಪಿಲ್ಲದ ಇಪ್ಪತ್ತನಾಲ್ಕು ಗಂಟೆ!

'ಕೇಳು' ಎಂಬ ಒಂದೇ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥ. ಹೇಳಿದ್ದನ್ನು ಕೇಳುವುದು, ಗೊತ್ತಿಲ್ಲದ್ದನ್ನು ಕೇಳುವುದು. ನಿನಗೆ ಎರಡೂ ಬರಲಿಲ್ಲ. ನನ್ನ ಪಾಡು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ನನ್ನ ತಪ್ಪೂ ಇದೆ, ಅದೇ ಹೆಚ್ಚು ಉರಿಯುತ್ತಿದೆ. ಏಳು ದಿನ ಗಡಿಯಾರದ ಜೊತೆ ಹೆಜ್ಜೆ ತಪ್ಪಲಿಲ್ಲ ಎಂದು ನೀನೇ ಬರೆದಿದ್ದೆ. ಓದಿದೆ. ಅಪ್ಪ ಮುಗಿಸಿದನಲ್ಲ ಎಂದು ಅತ್ತೆ. ಅಳುವ ಬದಲು ಒಂದು ಕ್ಷಣ ಲೆಕ್ಕ ಮಾಡಿದ್ದರೆ ಸಾಕಿತ್ತು.

ಸ್ಟುಡಿಯೋದಲ್ಲಿ ಇವತ್ತು ಅರವತ್ತೆರಡು ಮುಖ ತೊಳೆದೆ.

ಮಗಳು


ಮಾರ್ಚ್ 4

ಕಂದಾ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಲಾಗಲಿಲ್ಲ, ಮನೆಗೆ ತಂದು ಅಡುಗೆ ಕೋಣೆಯಲ್ಲಿ ನಿಂತು ಓದಿದೆ.

ನೀನು ಬರೆದ ಲೆಕ್ಕ ನೋಡಿದ್ದೆ. ನೋಡಲಿಲ್ಲ ಎಂದು ಸುಳ್ಳು ಹೇಳಲಾರೆ. ನೋಡಿ, ಪಾಪ, ಮಗಳು ಎಲ್ಲೋ ತಪ್ಪು ಬರೆದುಕೊಂಡಿದ್ದಾಳೆ ಅಂದುಕೊಂಡೆ. ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುವ ಗಡಿಯಾರವನ್ನು ನಾನು ಈ ಜನ್ಮದಲ್ಲಿ ಅಂಗಡಿಯಿಂದ ಆಚೆ ಕಳಿಸಿಲ್ಲ. ಅಂಥದ್ದು ಬಂದರೆ ಸರಿ ಮಾಡುವುದೇ ನನ್ನ ಕಸುಬು. ವೀಕ್ಷಣಾಲಯದವರ ಮುಂದೆ ನಿನ್ನ ಮಾನ ಹೋಗಬಾರದೆಂದು, ನಿನಗೂ ಹೇಳಿ ನಾಚಿಸಬಾರದೆಂದು, ಸುಮ್ಮನೆ ತಿದ್ದಿ ಕಳಿಸಿದೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುವುದಕ್ಕೂ ನನಗೆ ಬಾಯಿಲ್ಲ, ದೈವ ಏನೂ ಮಾಡಲಿಲ್ಲ, ಎಲ್ಲ ನಾನೇ ಮಾಡಿದೆ.

ಇನ್ನೊಂದು ಮಾತನ್ನು ಎರಡು ವರ್ಷದಿಂದ ಮುಚ್ಚಿಟ್ಟಿದ್ದೇನೆ. ನಿನ್ನಮ್ಮನ ಮಿಷನ್ನು ಬಿಚ್ಚಿದ ಎರಡನೆಯ ದಿನವೇ ಒಳಗಿನ ತಂತಿ ನನ್ನ ಕೈಯಲ್ಲಿ ತುಂಡಾಯಿತು. ಇನ್ನು ಸರಿಹೋಗುವುದಿಲ್ಲ ಎಂದು ಅವತ್ತೇ ಗೊತ್ತಾಯಿತು. ಹೇಳಲು ನಾಚಿಕೆಯಾಯಿತು. ಎಂಟು ತಿಂಗಳು ದಿನಾ ಸಂಜೆ ಅದರ ಮುಂದೆ ಕೂತು ರಿಪೇರಿ ಮಾಡುವವನ ಹಾಗೆ ನಟಿಸಿದೆ. ಅವಳಿಗೆ ಗೊತ್ತಿತ್ತು. ಒಂದು ದಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ "ಬಿಡಿ, ಮಗಳಿಗೆ ನಾನು ಹೇಳಲ್ಲ" ಅಂದಳು.

ಯಂತ್ರವನ್ನು ಕಳಿಸು, ಸರಿ ಮಾಡಿಕೊಡುತ್ತೇನೆ.

ಅಪ್ಪ


ಮಾರ್ಚ್ 30

ಕಂದಾ,

ಉತ್ತರ ಬರಲಿಲ್ಲ, ಯಂತ್ರವೂ ಬರಲಿಲ್ಲ. ಯಾಕೆಂದು ಕೇಳುವ ಮುಖ ನನಗಿಲ್ಲ.

ಹೋದ ವಾರ ಬಸ್ಸು ಹತ್ತಿ ವೀಕ್ಷಣಾಲಯಕ್ಕೆ ಹೋಗಿದ್ದೆ. ನಿನ್ನನ್ನು ಕೇಳದೆ ಹೋದೆ, ಅದೂ ತಪ್ಪೇ. ನಿನ್ನ ಯಂತ್ರಕ್ಕೆಂದು ಆಮೇಲೆ ಕಡೆದು ಉಳಿಸಿಕೊಂಡಿದ್ದ ಇನ್ನೊಂದು ಚಕ್ರವನ್ನೂ ನಿನ್ನ ನವೆಂಬರಿನ ಕಾಗದವನ್ನೂ ಜೇಬಿನಲ್ಲಿಟ್ಟುಕೊಂಡಿದ್ದೆ. ಬಾಗಿಲ ಹೊರಗಿನ ಬೆಂಚಿನ ಮೇಲೆ ಮೂರು ಗಂಟೆ ಕೂತ ಮೇಲೆ ಹಿರಿಯರೊಬ್ಬರು ಕರೆದರು. ಕಾಗದ ತೋರಿಸಿ, "ಸ್ವಾಮೀ, ನನ್ನ ಮಗಳು ಸರಿಯಾಗೇ ಬರೆದಿದ್ಲು, ಕೆಡಿಸಿದವನು ನಾನು" ಅಂದೆ. ಓದಿ ನೋಡಿದರು. ಒಳ್ಳೆಯ ಮನುಷ್ಯರೇ, ಬೇಜಾರು ಮಾಡಿಕೊಂಡರು. ಆದರೆ ಬೇರೊಬ್ಬಳನ್ನು ಆಗಲೇ ತೆಗೆದುಕೊಂಡಾಗಿದೆ, ಅವಳು ಕೆಲಸಕ್ಕೂ ಸೇರಿಯಾಗಿದೆ ಎಂದರು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ನನಗೇ ನೀತಿ ಹೇಳಿದರು.

ಹೊರಡುವಾಗ ಅಲ್ಲಿನ ಯಂತ್ರಶಾಲೆಯ ಮುಖ್ಯಸ್ಥರು ನಾನು ಮೇಜಿನ ಮೇಲಿಟ್ಟಿದ್ದ ಚಕ್ರವನ್ನು ಎತ್ತಿಕೊಂಡರು. ಅವರ ದೊಡ್ಡ ದೂರದರ್ಶಕವನ್ನು ತಿರುಗಿಸುವ ಹಳೆಯ ಯಂತ್ರ ಒಂದು ವರ್ಷದಿಂದ ಕೆಟ್ಟು ಕೂತಿದೆಯಂತೆ, ಮುಟ್ಟುವವರೇ ಇಲ್ಲವಂತೆ. "ನೀವು ಬರ್ತೀರಾ?" ಅಂದರು. ಕಾಯಂ ಅಲ್ಲ, ಇರಲು ಒಂದು ಕೋಣೆ ಕೊಡುತ್ತಾರೆ.

ನಿನ್ನ ಮಾತು ಹೇಳಲು ಹೋದವನು ನನಗೆ ಕೆಲಸ ತಂದುಕೊಂಡೆ. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ಹೋಗಲೋ ಬೇಡವೋ? ನೀನು ಹೇಳಿದ ಹಾಗೆ.

ಅಪ್ಪ


ಏಪ್ರಿಲ್ 6

ಅಪ್ಪಾ,

ಕೇಳಿದ್ದೀಯ. ನಾನು ಹುಟ್ಟಿದಾಗಿನಿಂದ ಮೊದಲ ಸಲ, ಮಾಡುವುದಕ್ಕೆ ಮುಂಚೆ ನನ್ನನ್ನು ಕೇಳಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಉತ್ತರ: ಬೇಡ. ಹೋಗಬೇಡ.

ಇದು ಹೊಟ್ಟೆಕಿಚ್ಚು, ನನಗೆ ಗೊತ್ತು. ಆ ಬೆಟ್ಟಕ್ಕೆ ನಾನು ಹೋಗಬೇಕಿತ್ತು. ನನ್ನನ್ನು ದಡ್ಡಿ ಎಂದ ಜಾಗದಲ್ಲಿ ನಿನ್ನನ್ನು ಪುಣ್ಯಾತ್ಮ ಅನ್ನುತ್ತಾರೆ ಎಂದು ನೆನೆದರೆ ಊಟ ಸೇರುವುದಿಲ್ಲ. ಕಾರಣ ಒಳ್ಳೆಯದಲ್ಲ, ಆದರೂ ಕೇಳುತ್ತಿದ್ದೇನೆ. ಕಾರಣ ಕೇಳದೆ ನನ್ನ ಮಾತೊಂದನ್ನು ನಡೆಸಿಕೊಡು.

ಯಂತ್ರವನ್ನು ನಾನೇ ಸರಿಮಾಡಿಕೊಂಡೆ. ನೀನು ಮುಟ್ಟಬೇಡ ಎಂದ ತಿರುಪನ್ನೇ ಅರ್ಧ ಸುತ್ತು ತಿರುಗಿಸಿದೆ. ಮೊನ್ನೆ ಒಂದು ಗಂಟೆ ಕ್ಯಾಮರಾ ತೆರೆದಿಟ್ಟರೂ ನಕ್ಷತ್ರ ದುಂಡಗೇ ಬಂತು. ಯಾರಿಗೂ ತೋರಿಸಿಲ್ಲ. ನನಗೆ ಮೂವತ್ತೈದು ದಾಟಿತು, ಇನ್ನು ಯಾರು ಕೇಳುತ್ತಾರೆ ಅದನ್ನು?

ಅಮ್ಮ ನಿನ್ನ ಗುಟ್ಟು ಕಾಪಾಡಿದಳು ಎಂದು ಓದಿದಾಗ ಅವಳ ಮೇಲೂ ಸಿಟ್ಟು ಬಂತು, ಆಮೇಲೆ ಇಳಿಯಿತು. ನೀನು ಬೆಟ್ಟದವರಿಗೆ ಇಲ್ಲ ಎಂದು ಬರೆದು ಹಾಕಿದ ದಿನ ನನಗೂ ಒಂದು ಸಾಲು ಹಾಕು. ಆ ಶುಕ್ರವಾರವೇ ಹೊರಟು ಮನೆಗೆ ಬರುತ್ತೇನೆ.

ಕಡ್ಡಿ


ಏಪ್ರಿಲ್ 11
ವೀಕ್ಷಣಾಲಯದ ಯಂತ್ರಶಾಲೆ

ಕಂದಾ,

ನಿನ್ನ ಕಾಗದ ಅಂಗಡಿಗೆ ಹೋಗಿ, ಚಪ್ಪಲಿ ಅಂಗಡಿಯವನು ವಿಳಾಸ ತಿದ್ದಿ, ಇವತ್ತು ಇಲ್ಲಿಗೆ ಬಂತು. ನಾನು ಐದನೆಯ ತಾರೀಖಿಗೇ ಬಂದು ಸೇರಿಕೊಂಡೆ. ನಿನಗೆ ಬರೆದು ಅಂಚೆಗೆ ಹಾಕಿದ ಸಂಜೆಯೇ ಇವರಿಗೂ ಒಪ್ಪಿಗೆ ಬರೆದು ಹಾಕಿದ್ದೆ. ಮಗಳಲ್ಲವೇ, ಬೇಡ ಅನ್ನುತ್ತಾಳೆಯೇ ಎಂದು ಧೈರ್ಯ. ನೀನು ಬೇಡ ಅನ್ನಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಅಂಗಡಿಯ ಸಾಮಾನೆಲ್ಲ ಮಾರಿ, ಬಾಡಿಗೆ ಮನೆಯನ್ನೂ ಬಿಟ್ಟುಕೊಟ್ಟು ಬಂದಿದ್ದೇನೆ, ಈಗ ವಾಪಸ್ಸು ಹೋಗಲು ಜಾಗವಿಲ್ಲ. ಕೋಣೆ ಚಿಕ್ಕದು. ಎರಡು ಮಂಚ ಹಿಡಿಯುತ್ತದೆ, ನೀನು ಬರುವುದಾದರೆ.

ಇಲ್ಲಿ ಎಲ್ಲರೂ ಮರ್ಯಾದೆಯಿಂದ ನೋಡಿಕೊಳ್ಳುತ್ತಾರೆ. ಫೋಟೋ ವಿಭಾಗಕ್ಕೆ ಹೊಸದಾಗಿ ಬಂದವಳು ಬಹಳ ಚುರುಕು, ನಿನಗಿಂತ ಮೂರು ನಾಲ್ಕು ವರ್ಷ ಚಿಕ್ಕವಳಿರಬೇಕು. ದಿನಾ ಮಧ್ಯಾಹ್ನ ನನ್ನ ಮೇಜಿನ ಬಳಿ ಬಂದು ಕೂತು, ಯಂತ್ರ ಯಾವ ವೇಗದಲ್ಲಿ ಓಡಬೇಕೆಂದು ಲೆಕ್ಕ ಹೇಳುತ್ತಾಳೆ. ನಾನು ಬುದ್ಧಿ ಕಲಿತಿದ್ದೇನೆ ಕಂದಾ. ತಿಳಿಯದಿದ್ದರೆ ಎರಡು ಸಲ ಕೇಳುತ್ತೇನೆ. ಅವಳು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡು, ಅವಳಿಗೇ ಓದಿ ಹೇಳಿ, ಹೇಳಿದ ಹಾಗೇ ಮಾಡುತ್ತೇನೆ. ಒಂದು ಸೆಕೆಂಡನ್ನೂ ನಾನಾಗಿ ತಿದ್ದುವುದಿಲ್ಲ.

ನಿನ್ನ
ಅಪ್ಪ